ಹಳದಿ ಹತ್ತದ ಅಂಗೈ

ಗೊಲ್ಲಾಳಪ್ಪನ ಅಂಗೈ ಕರಿ. ಹುಟ್ಟಿನ ಕರಿ ಅಲ್ಲ, ಡಾಂಬರಿನ ಕರಿ. ತಿಕೋಟಾ ದಾಟಿ ಹೋಗುವ ರಸ್ತೆಗೆ ಸರಕಾರ ಡಾಂಬರು ಹಾಕಿಸುತ್ತಿತ್ತು. ಲಡಾಯಿಯ ಲಾರಿಗಳು ಓಡಾಡಬೇಕಂತೆ. ಪೀಪಾಯಿಯಲ್ಲಿ ಕುದಿಯುವ ಡಾಂಬರನ್ನು ಬಡಿಗೆ ಹಾಕಿ ತಿರುವುವ ಕೆಲಸ ಅವನದು. ಬೂದಿ ಹಚ್ಚಿ ತಿಕ್ಕಿದರೂ ಆ ಕರಿ ಹೋಗುತ್ತಿರಲಿಲ್ಲ. ಸೀಮೆಎಣ್ಣೆಗೆ ಹೋಗುತ್ತಿತ್ತೇನೋ. ಆದರೆ ದೀಪಕ್ಕೇ ಸೀಮೆಎಣ್ಣೆ ಇಲ್ಲದ ವರ್ಷ ಅದು.

ಕೂಲಿಗಳ ಗುಡಿಸಲುಗಳು ಹಳ್ಳದ ದಂಡೆಗೆ ಇದ್ದವು. ನಲವತ್ತು ಮಂದಿ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಮಂದಿಗೆ ಚಳಿಜ್ವರ. ಚಳಿಜ್ವರಕ್ಕೆ ಕೊಡುವ ಕ್ವಿನೈನ್ ಬರುವ ದೇಶವನ್ನು ಜಪಾನಿನವರು ಹಿಡಿದಿದ್ದರು. ಅದರ ಬದಲು ಹಳದಿ ಗುಳಿಗೆ ಬಂತು. ದಿನಾ ಮುಂಜಾನೆ ಹಾಜರಿಯ ಹೊತ್ತಿಗೆ ಮುಕಾದಮ ಬಸಗೊಂಡಪ್ಪ ಡಬ್ಬಿ ಹಿಡಿದು ನಿಲ್ಲುತ್ತಿದ್ದ. ಒಬ್ಬೊಬ್ಬರ ಕೈಗೆ ಒಂದೊಂದು. ಹಾಗಲಕಾಯಿಯೇ ಸಿಹಿ ಅನಿಸಬೇಕು, ಅಷ್ಟು ಕಹಿ.

ಗೊಲ್ಲಾಳಪ್ಪ ಘೋಣಸಗಿಯವನು. ಬೀರಪ್ಪನ ಭಕ್ತ, ಡೊಳ್ಳಿನ ಹಾಡಿನವನು. ದೇವರ ಅರಿಷಿಣ ತುಂಬಿದ ಭಂಡಾರದ ಚೀಲ ಸದಾ ಅವನ ಟೊಂಕದಲ್ಲಿ. ಮೊದಲ ದಿನ ಬೊಗಸೆಗೆ ಗುಳಿಗೆ ಬಿದ್ದಾಗ ಅವನು ಹೆಂಡತಿಗೆ ತೋರಿಸಿ ನಕ್ಕಿದ್ದ.

"ನೋಡ ಬೇ ರುದ್ರವ್ವಾ, ನಮ್ಮ ಬೀರಪ್ಪನ ಬಣ್ಣಾನ ಐತಿ."

ಕಣ್ಣಿಗೊತ್ತಿಕೊಂಡು ನುಂಗಿದ. ಬೊಗಸೆಗೆ ಬಿದ್ದ ಹಳದಿಯನ್ನು ಚೆಲ್ಲಬಾರದು ಎಂಬುದು ಅವನು ಅಪ್ಪನಿಂದ ಹಾಡಿನ ಜೊತೆಗೇ ಕಲಿತದ್ದು.

ಒಂದು ದಿನ ಬಿಜಾಪುರದಿಂದ ಇನ್‌ಸ್ಪೆಕ್ಟರ ಸಾಹೇಬರು ಬಂದರು. ಮುಕಾದಮನಿಗೆ ಹೇಳಿದರು: "ಈ ಗುಳಿಗಿ ನುಂಗಿದವ್ರ ಅಂಗೈ ಹಳದಿ ಆಗ್ತದ. ಹಳದಿ ಆಗಿಲ್ಲಂದ್ರ ಉಗುಳ್ಯಾನ ಅಂತ ತಿಳಿ."

ಅಷ್ಟೇ ಸಾಕಾಯಿತು. ಮರುದಿನದಿಂದ ಹೆಸರು ಕೂಗುವ ಮೊದಲು ಅಂಗೈ ನೋಡುವುದು ಶುರುವಾಯಿತು. ಹಳದಿ ಇದ್ದವರಿಗೆ ಕೆಲಸ. ಇಲ್ಲದವರು ಮುಕಾದಮನ ಕಣ್ಣೆದುರೇ ಇನ್ನೂ ಒಂದು ಗುಳಿಗೆ ನುಂಗಿ ಕೆಲಸಕ್ಕೆ ಹೋಗಬೇಕು.

ಕೂಲಿಗಳೂ ದಡ್ಡರಲ್ಲ. ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ಜಾಲಿಕಂಟಿಯ ಹಿಂದೆ ಉಗುಳಿದರು. ಅಂಗೈಗೆ ಅರಿಷಿಣ ತಿಕ್ಕಿಕೊಂಡು ಸಾಲಿನಲ್ಲಿ ನಿಂತರು. ರುದ್ರವ್ವನೂ ಉಗುಳಿದಳು, ಅವಳೂ ತಿಕ್ಕಿಕೊಂಡಳು. ಉಳಿದವನು ಗೊಲ್ಲಾಳಪ್ಪ ಒಬ್ಬ.

"ಲೇ ಗೊಲ್ಲಾಳ್ಯಾ, ಅಂಗೈ ತೋರ್ಸು."

"ಡಾಂಬರ ಐತ್ರಿ, ಮುಕಾದಮರ."

"ಹಳದಿ ಎಲ್ಲಿ ಐತಿ?"

"ಡಾಂಬರ ಕೆಳಗ ಐತ್ರಿ."

ಸಾಲಿಗೆ ಸಾಲೇ ನಕ್ಕಿತು. ಮುಕಾದಮನ ಮುಖ ಬಿಗಿಯಿತು.

"ಮಂದಿನ್ನ ನಗಸ್ತೀ ಮಗನ? ಹಿಡಿ, ಎರಡು ನುಂಗು."

"ದಿನಾ ನುಂಗೇನ್ರಿ. ಬೇಕಾದ್ರ ಕಣ್ಣು ನೋಡ್ರಿ, ಮಾರಿ ನೋಡ್ರಿ."

"ಸಾಹೇಬರು ಕಣ್ಣು ನೋಡಂತ ಹೇಳಿಲ್ಲ. ಅಂಗೈ ನೋಡಂತ ಹೇಳ್ಯಾರ."

ಹದಿನೈದು ದಿನ ಎರಡು. ಆಮೇಲೆ ಮೂರು. ಡಾಂಬರು ಮಾತ್ರ ಡಾಂಬರಾಗಿಯೇ ಉಳಿಯಿತು.

ಜೊತೆಗೆ ಕೆಲಸ ಮಾಡುವ ಬಾಬುಸಾಬ ಬೈದ. "ಕಾಕಾ, ನಿನಗೇನ ಹುಚ್ಚ ಹಿಡದೈತಿ? ನಾ ಎರಡ ತಿಂಗಳಾತು ಉಗುಳಾಕತ್ತೇನಿ. ಮುಂಗೈಗರ ಇಷ್ಟ ಅರಿಷಿಣ ಹಚ್ಗೊ."

"ಹಳದಿ ದೇವರ ಬಣ್ಣ, ಬಾಬೂ. ಸುಳ್ಳಿಗೆ ಹಚ್ಚಬಾರದು."

"ನಿನ್ನ ದೇವರು ಮುಕಾದಮನ್ನ ನೋಡಿಲ್ಲ ಬಿಡು."

ಉಗುಳಿದವರಲ್ಲಿ ಐದಾರು ಮಂದಿಗೆ ಮತ್ತೆ ಚಳಿ ಬಂತು. ಕಂಬಳಿಯೊಳಗೆ ನಡುಗಿ ಎದ್ದರು. ಗೊಲ್ಲಾಳಪ್ಪನಿಗೆ ಚಳಿ ಬರಲೇ ಇಲ್ಲ. ಅವನಿಗೆ ಬಂದದ್ದೇ ಬೇರೆ. ಮೊದಲು ಕಾಲ ಮೇಲೆ ತುರಿಕೆಯ ಗಂಧೆ. ಆಮೇಲೆ ನಾಲ್ಕು ಸಲ ಬಡಿಗೆ ತಿರುವಿದರೆ ಏದುಸಿರು. ಆಮೇಲೆ ತೋಳಿನ ಮೇಲೆ, ಬೆನ್ನಿನ ಮೇಲೆ ಕಂದುಗಟ್ಟಿದ ನೀಲಿ ಕಲೆಗಳು.

"ಯಾರ ಹೊಡದ್ರು?" ರುದ್ರವ್ವ ಕೇಳಿದಳು.

"ಯಾರೂ ಹೊಡದಿಲ್ಲ."

ಒಂದು ಸಂಜೆ ಅವನ ತುಟಿ ಕೆಂಪಗಿತ್ತು. ರುದ್ರವ್ವ ಹುಸಿಮುನಿಸು ತೋರಿದಳು. "ಒಬ್ಬವ್ನ ಎಲಿ ಹಾಕ್ಕೊಂಡ್ಯಾ? ನನಗೊಂದ ತುಣುಕ ಇಡಬಾರದಾಗಿತ್ತಾ?"

"ಎಲಿ ಎಲ್ಲಿಂದ ಬರಬೇಕು?" ಅವನು ಒಸಡನ್ನು ಅಂಗೈಯಿಂದ ಒರೆಸಿ ಅವಳ ಮುಂದೆ ಹಿಡಿದ. ಆ ಕರಿಯ ಮೇಲೆ ರಕ್ತವೂ ಕಾಣಲಿಲ್ಲ. ಅವಳು ತನ್ನ ಸೆರಗಿನಿಂದ ಒರೆಸಿದಾಗಲೇ ಕಂಡದ್ದು.

ಬಾಬುಸಾಬ ಎತ್ತಿನ ಬಂಡಿ ಕೇಳಿ ತಂದ. ರುದ್ರವ್ವ ಗಂಡನನ್ನು ಅದರಲ್ಲಿ ಮಲಗಿಸಿಕೊಂಡು ಹೋದಳು. ಬಿಜಾಪುರದ ದವಾಖಾನೆಯಲ್ಲಿ ಡಾಕ್ಟರರು ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇತ್ತು. ಅರಳೆ ತೊಯ್ದಿತು, ಇನ್ನೊಂದು ಅರಳೆ ತೊಯ್ದಿತು.

"ಹಳದಿ ಗುಳಿಗಿ ಎಷ್ಟು ನುಂಗ್ತಿದ್ದಾ?"

"ದಿನಕ್ಕ ಮೂರ್ರಿ," ಎಂದಳು ರುದ್ರವ್ವ.

ಡಾಕ್ಟರರು ಲೇಖನಿ ಕೆಳಗಿಟ್ಟರು. "ಮೂರು? ಯಾರು ಹೇಳಿದ್ರು ಮೂರು?" ಆಮೇಲೆ ದನಿ ತಗ್ಗಿಸಿದರು. "ನೋಡವ್ವಾ, ರಕ್ತ ಹುಟ್ಟೂದು ಎಲುಬಿನೊಳಗಿನ ಮಜ್ಜಿಯೊಳಗ. ಇವನ ಮಜ್ಜಿ ಬತ್ತೇದ. ಫೌಜಿನವ್ರೊಳಗೂ ಅಪರೂಪಕ್ಕ ಒಬ್ಬಿಬ್ಬರಿಗೆ ಈ ಔಷಧದಿಂದ ಹಿಂಗ ಆಗೇದ ಅಂತ ಕೇಳೀನಿ. ದಿನಕ್ಕೊಂದು ನುಂಗಿದವ್ರಿಗೇ ಆಗೇದಂತ. ಮೂರಂದ್ರ..."

"ಯಪ್ಪಾ, ಈ ಮಾತು ಒಂದ ಕಾಗದದ ಮ್ಯಾಲ ಬರದ ಕೊಡ್ರಿ."

"ಬಾಯಿಂದ ಹೇಳಿದ್ದ ಹೆಚ್ಚಾತು. ಔಷಧ ಸರಕಾರದ್ದು, ನಾನೂ ಸರಕಾರದವ."

ಒಂಬತ್ತನೆಯ ದಿನ ಗೊಲ್ಲಾಳಪ್ಪ ಹೋದ. ಕೊನೆಗೆ ಮೂಗಿನಿಂದಲೂ ರಕ್ತ. ಘೋಣಸಗಿಯ ಮಣ್ಣಿನಲ್ಲಿ ಅವನನ್ನು ಇಟ್ಟು, ಐದನೆಯ ದಿನ ರುದ್ರವ್ವ ರಸ್ತೆಗೆ ಬಂದಳು. ಬರದೆ ಉಣ್ಣುವುದು ಏನು?

ಅಂದು ಇನ್‌ಸ್ಪೆಕ್ಟರ ಸಾಹೇಬರೂ ಬಂದಿದ್ದರು. ಮೇಲಿನವರಿಗೆ ಕಳಿಸುವ ವರದಿಯ ಪುಸ್ತಕ ಅವರ ಕೈಯಲ್ಲಿತ್ತು. ಎಲ್ಲರಿಗೂ ಕೇಳುವಂತೆ ಓದಿದರು: "ಗೊಲ್ಲಾಳಪ್ಪ ಎಂಬ ಕೂಲಿ ಗುಳಿಗೆ ನುಂಗದೆ ಉಗುಳಿದ್ದರಿಂದ ಚಳಿಜ್ವರ ಬಂದು ಸತ್ತಿದ್ದಾನೆ." ಪುಸ್ತಕದಿಂದ ತಲೆ ಎತ್ತಿ, "ತಿಳೀತಾ? ಉಗುಳಿದವ್ರ ಗತಿ ಇದು," ಎಂದರು.

ರುದ್ರವ್ವ ಸಾಲು ಬಿಟ್ಟು ಮುಂದೆ ಬಂದಳು.

"ಆ ಮಾತು ಅಳಸ್ರಿ ಸಾಹೇಬರ. ನನ್ನ ಗಂಡ ಉಗುಳಿದವನಲ್ಲ."

"ಅಂಗೈ ಹಳದಿ ಆಗಿರಲಿಲ್ಲ. ಮುಕಾದಮ ಸಾಕ್ಷಿ ಅದಾನ."

"ಹಂಗಾರ ನನ್ನ ಸಾಕ್ಷೀನೂ ನೋಡ್ರಿ."

ಟೊಂಕದಿಂದ ಗಂಡನ ಭಂಡಾರದ ಚೀಲ ತೆಗೆದಳು. ಹೆಗಲ ಮೇಲಿನ ಕಂಬಳಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಭಂಡಾರ ಸುರಿದಳು. ಮುಕಾದಮ ಎರಡು ಹೆಜ್ಜೆ ಹಿಂದೆ ಸರಿದ. ಅವನೂ ಆ ಸೀಮೆಯವನೇ. ಭಂಡಾರ ಮುಟ್ಟಿ ಸುಳ್ಳು ಹೇಳಿದವನ ಮನೆ ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತು.

ರುದ್ರವ್ವ ಕುಡಿಯುವ ನೀರಿನ ಬಾನಿಯಲ್ಲಿ ಕೈ ಅದ್ದಿ ತಿಕ್ಕಿದಳು. ತೊಳೆದ ಅಂಗೈ ಎಲ್ಲರಿಗೂ ತೋರಿಸಿದಳು. ಹಳದಿ ಇರಲಿಲ್ಲ. ಆಮೇಲೆ ಬಗ್ಗಿ ಭಂಡಾರ ಮುಟ್ಟಿದಳು.

"ಬೀರಪ್ಪನಾಣಿ. ನಾ ದಿನಾ ಉಗುಳೀನಿ. ನಾ ಬದಕೀನಿ. ಅಂವ ನುಂಗ್ಯಾನ. ಅಂವ ಸತ್ತಾನ."

ಬಾಬುಸಾಬ ಮುಂದೆ ಬಂದ.

"ಏ, ನೀ ಯಾಕ ಬಂದಿ? ಇದು ನಿನ್ನ ದೇವರೇನು?" ಮುಕಾದಮ ಗದರಿಸಿದ.

"ದೇವರು ಯಾರದರ ಆಗ್ಲಿ, ಕಾಕಾ ನನ್ನಾಂವ." ನೀರಲ್ಲಿ ಕೈ ತಿಕ್ಕಿದ, ಭಂಡಾರ ಮುಟ್ಟಿದ. "ನಾನೂ ಉಗುಳೀನಿ. ಅಂವ ಮೂರ ಮೂರ ನುಂಗೂದು ಈ ಕಣ್ಣಿಲೆ ನೋಡೇನಿ."

ಆಮೇಲೆ ಗುರುಬಸವ್ವ. ದಾವಲಸಾಬ. ಅಮರಪ್ಪ. ಬಗ್ಗಿದವರು ಬಗ್ಗುತ್ತಲೇ ಹೋದರು. ಬಾನಿಯ ನೀರು ಹಳದಿಯಾಯಿತು.

ಸಾಹೇಬರ ಕಿವಿ ಕೆಂಪಾದವು. "ಅಂದ್ರ ಎಲ್ಲಾರೂ ಕಳ್ಳರು! ಒಬ್ಬರನ್ನೂ ಬಿಡದಂಗ ಕೆಲಸದಿಂದ ತಗೀತೀನಿ!"

"ತಗೀರಿ," ಎಂದಳು ರುದ್ರವ್ವ. "ಅದಕಿಂತ ಮೊದಲ ಪುಸ್ತಕದಾಗಿಂದ ಆ ಸಾಲು ತಗೀರಿ."

ಸಾಹೇಬರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ಬೆಂಕಿ ಹಚ್ಚಸು, ಕೆಲಸ ನಡೀಲಿ," ಎಂದು ಮುಕಾದಮನಿಗೆ ಕೂಗಿದರು. ಮುಕಾದಮ ಸಾಲಿನ ಕಡೆ ನೋಡಿದ. ಮೂವತ್ತೊಂಬತ್ತು ಮಂದಿ ತೊಳೆದ ಅಂಗೈಗಳನ್ನು ಮುಂದೆ ಚಾಚಿಕೊಂಡು ನಿಂತೇ ಇದ್ದರು.

ಹೊತ್ತು ನೆತ್ತಿಗೇರಿತು. ಪೀಪಾಯಿಯ ಕೆಳಗೆ ಯಾರೂ ಬೆಂಕಿ ಹಚ್ಚಲಿಲ್ಲ. ಒಳಗೆ ಗಟ್ಟಿಯಾದ ಡಾಂಬರಿನಲ್ಲಿ ಗೊಲ್ಲಾಳಪ್ಪನ ಬಡಿಗೆ ನೆಟ್ಟಗೆ ನಿಂತಿತ್ತು. ಮುಕಾದಮ ಎರಡೂ ಕೈಯಿಂದ ಎಳೆದ. ಅದು ಬರಲಿಲ್ಲ.