ಡೊಳ್ಳು ಕೂಗಬೇಕಿತ್ತು

ತಗಡಿನ ಚಾವಣಿಯ ಒಳಮೈಯಲ್ಲಿ ಬೆಳಕು ಕುಣಿಯುತ್ತಿದೆ, ಈಜುಕೊಳದ ನೀರಿನಿಂದ ಎದ್ದು ಹೋದ ಬೆಳಕು, ಹರಡಿ, ಮುದುಡಿ, ಮತ್ತೆ ಹರಡಿ, ಬೆಳಗಿನಿಂದ ನನ್ನ ಎದೆಯೂ ಅದನ್ನೇ ಮಾಡುತ್ತಿದೆ, ನಿಲ್ಲು ಅಂದರೆ ನಿಲ್ಲುತ್ತಿಲ್ಲ, ಬಾಯಲ್ಲಿ ವಿಷಲ್ ಕಚ್ಚಿಕೊಂಡಿದ್ದೇನೆ, ಊದುವುದಕ್ಕಲ್ಲ, ನಗು ಬಾರದಿರಲಿ ಅಂತ — ಹೆಡ್ ಕಾನ್‌ಸ್ಟೇಬಲ್ ಒಬ್ಬಳು ಸುಮ್ಮಸುಮ್ಮನೆ ನಗುತ್ತ ನಿಂತರೆ ನೋಡಿದವರು ಏನಂದುಕೊಂಡಾರು, ದೊಡ್ಡ ಸಾಹೇಬರ ಜೀಪು ಇನ್ನೇನು ಬರುವ ಹೊತ್ತು, ಅವರು ಬಂದು ನೋಡಿ ಸರಿ ಅಂದರೆ ನಮ್ಮ ಠಾಣೆಯ ನೀರಿನ ಪಾಠ ಈ ಒಂದು ಶಾಲೆಯನ್ನು ದಾಟಿ ಜಿಲ್ಲೆಯ ಎಲ್ಲ ಶಾಲೆಗೂ ಹೋಗುತ್ತದೆ, ಬೇಡ ಅಂದರೆ ಇವತ್ತಿಗೇ ಮಂಗಳ, ಕೊಳದ ಬೀಗದಕೈ ನಗರಸಭೆಗೆ ವಾಪಸು, ನಾನು ಸರ್ಕಲ್ಲಿನ ಕಂಬದ ಕೆಳಗೆ ಲಾರಿಗಳಿಗೆ ಕೈ ಬೀಸುವ ಡ್ಯೂಟಿಗೆ ವಾಪಸು. ಬೇಡ ಅನ್ನುವುದಿಲ್ಲ, ಅನ್ನಲಾರರು, ಈ ಮಕ್ಕಳನ್ನು ಒಂದು ಸಲ ನೋಡಿದರೆ ಕಲ್ಲೂ ಹೂಂ ಅನ್ನುತ್ತದೆ, ನೋಡು ಹೇಗೆ ಕೂತಿದ್ದಾರೆ ಗೋಡೆಯುದ್ದಕ್ಕೆ, ನೀಲಿ ಚಡ್ಡಿ, ಒದ್ದೆ ಕೂದಲು, ಒಬ್ಬಳನ್ನೊಬ್ಬಳು ಚಿವುಟುತ್ತ, ನನ್ನ ಕಣ್ಣು ಬಿದ್ದ ಕೂಡಲೇ ಏನೂ ಅರಿಯದವರ ಹಾಗೆ ಮುಖ ಮಾಡುತ್ತ.

ಅತ್ತೆ ಮೊದಲ ದಿನ ಏನಂದಿದ್ದರು, ಅಲ್ಲಮ್ಮ, ಕಳ್ಳರನ್ನ ಹಿಡಿಯೋದು ಬಿಟ್ಟು ಮಕ್ಕಳಿಗೆ ನೀರಾಟ ಆಡಿಸೋಕೆ ಸರ್ಕಾರ ನಿನಗೆ ಸಂಬಳ ಕೊಡುತ್ತಾ, ಅಂದವರು ಮರುವಾರವೇ ಅಟ್ಟದಿಂದ ಖಾಲಿ ಎಣ್ಣೆ ಕ್ಯಾನುಗಳನ್ನು ಇಳಿಸಿಕೊಟ್ಟರು, ಮುಚ್ಚಳ ಬಿಗಿಯಾಗಿದೆ ನೋಡು, ಹಗ್ಗ ಕಟ್ಟಿ ಎಸೆದರೆ ಆನೆಯನ್ನೂ ತೇಲಿಸುತ್ತೆ ಅಂತ, ಅವರಿಗೆ ಬಾಯಿ ಬೆಂಕಿ, ಹೊಟ್ಟೆ ಬೆಣ್ಣೆ. ನಾನು ಅವರಿಗೆ ಹೇಳಲಿಲ್ಲ ಯಾಕೆ ಈ ಕೆಲಸ ಅಂತ, ಹೇಳುವುದೇನಿದೆ, ಊರಾಚೆಯ ಕೆರೆಗೆ ನಮ್ಮನ್ನು ಯಾವಾಗ ಕರೆಯುತ್ತಾರೆ, ಎಲ್ಲ ಮುಗಿದ ಮೇಲೆ, ಹಗ್ಗ ಹಿಡಿದು, ಬಿಳಿ ಬಟ್ಟೆ ಹಿಡಿದು, ಜನರನ್ನು ಹಿಂದಕ್ಕೆ ತಳ್ಳುತ್ತ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಅಂದರೆ ನಮ್ಮ ಇಲಾಖೆಯೇ, ಅದರಲ್ಲೂ ಒಬ್ಬ ಬಿದ್ದರೆ ಒಂದೇ ಜೀವ ಹೋಗುವುದಲ್ಲ, ಎತ್ತಲು ಹೋದ ಅಣ್ಣ, ಅಣ್ಣನನ್ನು ಎತ್ತಲು ಹೋದ ಚಿಕ್ಕಪ್ಪ — ಸಾಕು, ಇವತ್ತು ಅದು ಬೇಡ, ಇವತ್ತು ಬೆಳಕು ಕುಣಿಯುವ ದಿನ. ಇನ್ಸ್‌ಪೆಕ್ಟರ ಮೇಜಿನ ಮುಂದೆ ನಿಂತು ಹೇಳಿದ್ದೆ, ಸಾರ್, ತೆಗೆಯೋ ಕೆಲಸ ಸಾಕಾಯ್ತು, ಬೀಳದ ಹಾಗೆ ನೋಡ್ಕೊಳ್ಳೋ ಕೆಲಸ ಕೊಡಿ, ಅವರು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡು, ಒಂದು ಶಾಲೆ, ವಾರಕ್ಕೆರಡು ದಿನ, ಯಾರಿಗಾದರೂ ನೆಗಡಿ ಬಂದರೂ ಜವಾಬ್ದಾರಿ ನಿಮ್ಮದೇ, ಅಂದರು, ಅಷ್ಟು ಸಾಕಾಗಿತ್ತು ನನಗೆ.

ಈಜು ಕಲಿಸುವುದು ಆಮೇಲೆ, ಮೊದಲು ಹಾರಬೇಡ ಅಂತ ಕಲಿಸುವುದು, ಅದೇ ಕಷ್ಟ, ನಮ್ಮ ಪೊಲೀಸರಿಗೇ ಅದು ತಲೆಗೆ ಹೋಗುವುದಿಲ್ಲ, ಓಡು ಹಿಡಿ ಅಂತ ಕಲಿತ ಮೈ ನಮ್ಮದು, ಮಕ್ಕಳು ವಾಸಿ, ಮಲಗು, ಚಾಚು, ಎಳೆ ಅಂದರೆ ಮೂರೇ ಮಾತಿನಲ್ಲಿ ಹಿಡಿದುಬಿಟ್ಟರು, ಅಂಚಿನಲ್ಲಿ ಬೋರಲು ಮಲಗು, ಹಿಂದಿನವಳು ನಿನ್ನ ಕಾಲ ಮೇಲೆ ಕೂರಲಿ, ಬಿದಿರು ಚಾಚು, ಕೈ ಕೊಡಬೇಡ, ಕೋಲು ಕೊಡು. ಯಾಕೆ ಮೇಡಂ ಕೈ ಕೊಡಬಾರದು, ಕೇಳಿದವಳು ಚೂಟಿ, ಶಾಲೆಯ ಹಾಜರಿಯಲ್ಲಿ ಬೇರೇನೋ ಹೆಸರಿದ್ದೀತು, ನನಗವಳು ಚೂಟಿಯೇ, ಯಾಕಂದ್ರೆ ಮುಳುಗೋರು ಕೈ ಹಿಡಿಯಲ್ಲ ಪುಟ್ಟಿ, ಆಳನ್ನೇ ಹಿಡೀತಾರೆ, ಅಂದೆ. ಮತ್ತೆ ಅವರು ಕೂಗ್ತಾರಲ್ಲ, ಕಾಪಾಡಿ ಅಂತ, ಆಗ ಗೊತ್ತಾಗುತ್ತಾ. ಇಲ್ಲ, ಕೂಗಲ್ಲ, ಕೂಗೋಕೆ ಉಸಿರು ಬೇಕು, ಇದ್ದ ಉಸಿರು ಉಸಿರಾಡೋಕೇ ಸಾಲಲ್ಲ, ಮುಳುಗುವವರು ಸುಮ್ಮನಿರ್ತಾರೆ, ಯಾರು ನೀರಲ್ಲಿ ಸುಮ್ಮನಾದ್ರೋ ಅವರ ಕಡೆ ನೋಡಬೇಕು, ಹೇಳಿ ಎಲ್ಲರೂ, ಅಂದರೆ ಇಡೀ ಗೋಡೆ ಮೊಳಗುತ್ತಿತ್ತು, ಮುಳುಗುವವರು ಕೂಗೋದಿಲ್ಲ, ಪಕ್ಕದ ಓಣಿಯ ದರ್ಜಿ ಹೊಲಿಗೆ ನಿಲ್ಲಿಸಿ ಬಂದು ಕಿಟಕಿಯಲ್ಲಿ ಇಣುಕುವಷ್ಟು ಜೋರಾಗಿ.

ಹಾಗಾದರೆ ಇವತ್ತು ಡೊಳ್ಳು ಯಾಕೆ ಕೂಗಬೇಕು, ಅಂತ ನಾನೂ ಕೇಳಿದ್ದೆ, ಕೇಳಲಿಲ್ಲ ಅಂತಲ್ಲ, ಡೊಳ್ಳು ಅಂದರೆ ನಮ್ಮ ಠಾಣೆಯ ಕಾನ್‌ಸ್ಟೇಬಲ್, ಹೊಟ್ಟೆಗೂ ಸರಿ, ದನಿಗೂ ಸರಿ ಆ ಹೆಸರು, ಸಂತೆಯ ಗದ್ದಲದಲ್ಲಿ ಮೈಕಿಲ್ಲದೆ ಜನ ಚದುರಿಸುವ ಗಂಟಲು, ತಾಲೀಮಿನಲ್ಲಿ ಮುಳುಗುವವನ ಪಾತ್ರ ಅವನದೇ, ಚಡ್ಡಿ ಬನೀನಿನಲ್ಲಿ ಇಳಿದು ಸದ್ದಿಲ್ಲದೆ ಕೈಯಾಡಿಸುತ್ತಿದ್ದ, ಮಕ್ಕಳು ಎಳೆಯುತ್ತಿದ್ದರು, ಚೆನ್ನಾಗಿತ್ತು, ನಿನ್ನೆ ಇನ್ಸ್‌ಪೆಕ್ಟರು ನೋಡಲು ಬಂದು, ಇದೇನ್ರೀ ಇದು, ಸಪ್ಪೆ, ಸಾಹೇಬರು ಅಷ್ಟು ದೂರದಿಂದ ಬಂದು ಒಬ್ಬ ಸುಮ್ಮನೆ ನೀರಲ್ಲಿ ನಿಂತಿರೋದನ್ನ ನೋಡಬೇಕಾ, ಕೂಗ್ಲಿ, ಅಯ್ಯೋ ಕಾಪಾಡ್ರಪ್ಪೋ ಅನ್ಲಿ, ಆಗ ನೀವು ವಿಷಲ್ ಹೊಡೀರಿ, ಆಗ ಮಕ್ಕಳು ಏಳ್ಲಿ, ಅಂದರು. ಸಾರ್, ಪಾಠದಲ್ಲಿ ಕೂಗಲ್ಲ ಅಂತ ಇದೆ, ಅಂದೆ. ಪಾಠ ಮಕ್ಕಳಿಗೆ, ಇದು ಸಾಹೇಬರಿಗೆ, ಅಂದರು. ಇನ್ನೊಂದು, ಯೂನಿಫಾರ್ಮಲ್ಲೇ ಬೀಳ್ಲಿ, ಬೂಟು ಬೆಲ್ಟು ಎಲ್ಲ ಹಾಕ್ಕೊಂಡು, ಪೊಲೀಸ್ ಕಾರ್ಯಕ್ರಮ ಅಂತ ಫೋಟೋದಲ್ಲಿ ಗೊತ್ತಾಗಬೇಡ್ವಾ. ಫೋಟೋ ಅಂದದ್ದೇ ತಡ, ನನ್ನ ಕಣ್ಣ ಮುಂದೆ ಆ ಫೋಟೋ ಬಂದುಬಿಟ್ಟಿತು, ಖಾಕಿ ತೊಟ್ಟ ದೊಡ್ಡ ಆಳನ್ನು ಪುಟ್ಟ ಮಕ್ಕಳು ಎಳೆಯುತ್ತಿರುವುದು, ಎಷ್ಟು ಚಂದ, ಎಲ್ಲ ಶಾಲೆಗಳ ಗೋಡೆಯ ಮೇಲೆ ಅದನ್ನೇ ಹಾಕಿಸಬಹುದು, ಹೂಂ ಸಾರ್ ಅಂದೆ, ಖುಷಿಯಿಂದಲೇ ಅಂದೆ, ಡೊಳ್ಳುವೂ, ಅಕ್ಕಾ, ನನಗೆ ಡೈಲಾಗ್ ಸಿಕ್ತು ನೋಡಿ, ಅಂತ ಇಡೀ ಸಂಜೆ ಠಾಣೆಯ ವರಾಂಡದಲ್ಲಿ ಅಯ್ಯೋ ಕಾಪಾಡ್ರಪ್ಪೋ ಅಂತ ಅಭ್ಯಾಸ ಮಾಡಿದ, ಲಾಕಪ್ಪಿನಲ್ಲಿದ್ದವನು ಹೆದರಿ ಎದ್ದು ಕೂತ.

ಬಂದರು, ಜೀಪಿನ ಬಾಗಿಲು, ಬೂಟಿನ ಸದ್ದು, ನಾನು ಸೆಲ್ಯೂಟ್ ಹೊಡೆದೆನೋ ಇಲ್ಲವೋ ನೆನಪಿಲ್ಲ, ಹೊಡೆದಿರಬೇಕು, ದೊಡ್ಡ ಸಾಹೇಬರು ತೆಳ್ಳಗೆ, ಉದ್ದ, ಮಾತು ಕಡಿಮೆ, ಕುರ್ಚಿಯಲ್ಲಿ ಕೂತು ನೀರನ್ನು ನೋಡಿದರು, ಮಕ್ಕಳನ್ನು ನೋಡಿದರು, ಶುರು ಮಾಡಿ, ಇಷ್ಟೇ, ಇನ್ಸ್‌ಪೆಕ್ಟರು ನನಗೆ ಕಣ್ಣು ಮಾಡಿದರು, ನಾನು ಡೊಳ್ಳುವಿಗೆ, ಡೊಳ್ಳು ಖಾಕಿಯಲ್ಲಿ ಮದುಮಗನ ಹಾಗೆ ಆಳದ ತುದಿಯ ಅಂಚಿನಲ್ಲಿ ನಡೆದು ಬಂದ, ಕಾಲು ಜಾರಿದವನ ಹಾಗೆ ಮಾಡಿದ, ಎಷ್ಟು ಚೆನ್ನಾಗಿ ಜಾರಿದ, ಧೊಪ್ಪನೆ ಬಿದ್ದ, ಸಾಹೇಬರ ಬೂಟಿಗೆ ನೀರು ಸಿಡಿಯಿತು, ಒಳ್ಳೆಯ ಶಕುನ, ಈಗ ಕೂಗುತ್ತಾನೆ, ವಿಷಲ್ ತುಟಿಗೆ ಬಂತು, ಉಸಿರು ಎಳೆದುಕೊಂಡೆ, ಕೂಗು, ಕೂಗೋ ಡೊಳ್ಳು, ತಲೆ ಮೇಲೆ ಬಂತು, ಕೂಗಲಿಲ್ಲ, ಮತ್ತೆ ಹೋಯಿತು, ಮತ್ತೆ ಬಂತು, ಇವನ ಮನೆ ಹಾಳಾಗ, ನಿನ್ನೆ ಸಂಜೆಯೆಲ್ಲ ಊರಿಗೆ ಕೇಳಿಸುವ ಹಾಗೆ ಅರಚಿದವನು ಈಗ ಡೈಲಾಗ್ ಮರೆತನಲ್ಲ, ಇನ್ಸ್‌ಪೆಕ್ಟರು ಕುರ್ಚಿಯ ಹಿಂದಿನಿಂದ ಕೈ ಮಾಡುತ್ತಿದ್ದಾರೆ, ಕೂಗಯ್ಯ, ಕೂಗು, ಫೋಟೋದವನು ಕ್ಯಾಮೆರಾ ಎತ್ತಿಕೊಂಡು ಕಾಯುತ್ತಿದ್ದಾನೆ, ಎಲ್ಲರೂ ಕಾಯುತ್ತಿದ್ದೇವೆ, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೇನೋ, ಒಂದು ಮಾತು ಅಯ್ಯೋ ಅನ್ನಪ್ಪ, ನಿನ್ನ ಕಾಲಿಗೆ ಬೀಳುತ್ತೇನೆ — ಅಷ್ಟರಲ್ಲಿ ಚೂಟಿ ಎದ್ದಳು. ನಾನು ಊದಿಲ್ಲ. ಎದ್ದು ಓಡಿ ಬಂದು ಅಂಚಿನಲ್ಲಿ ಬೋರಲು ಬಿದ್ದಳು, ಹಿಂದೆಯೇ ಇನ್ನೊಬ್ಬಳು ಅವಳ ಕಾಲ ಮೇಲೆ ಕೂತಳು, ಬಿದಿರು ಬಂತು, ಕ್ಯಾನು ಹಾರಿತು, ಯಾರದೂ ಒಂದು ಮಾತಿಲ್ಲ, ನನಗೆ ಸಿಟ್ಟು ಬಂತು, ನಿಜ ಹೇಳಬೇಕೆಂದರೆ ಸಿಟ್ಟೇ ಬಂತು, ವಿಷಲ್ ಇಲ್ಲದೆ ಯಾಕೆ ಎದ್ದಿರಿ, ಎಲ್ಲ ಕೆಡಿಸಿದಿರಲ್ಲ, ಅಂತ ಬೈಯಲು ಮುಂದೆ ಬಂದವಳು ಬಿದಿರಿನ ಉದ್ದಕ್ಕೆ ಕಣ್ಣು ಹಾಯಿಸಿದೆ, ಅದರ ತುದಿಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಡೊಳ್ಳುವಿನ ಬಾಯಿ. ತೆರೆಯಿತು. ಮುಚ್ಚಿತು. ತೆರೆಯಿತು. ಏನೂ ಬರಲಿಲ್ಲ.

ಆಮೇಲೆ ನಾನು ಮಲಗಿದ್ದು, ಒದ್ದೆ ಹಾಸುಗಲ್ಲು ಎದೆಗೆ ತಗುಲಿದ್ದು, ಬಿದಿರು ಹಿಡಿದ ಅವನ ಬೆರಳು ಬಿಳಿಚಿಕೊಂಡಿದ್ದು, ಅಂಚಿಗೆ ಬಂದ ಕೂಡಲೇ ಬೆಲ್ಟಿಗೆ ಕೈ ಹಾಕಿ ಇಬ್ಬರು ಮೂವರು ಸೇರಿ ಎತ್ತಿದ್ದು, ಬೂಟಿನಿಂದ ನೀರು ಧಾರೆಯಾಗಿ ಸುರಿದಿದ್ದು, ಅಷ್ಟೂ ನೀರು ಅವನ ಕಾಲನ್ನು ಕೆಳಕ್ಕೆ ಎಳೆಯುತ್ತಿತ್ತು, ನಾನು ದಡದಲ್ಲಿ ನಿಂತು ಡೈಲಾಗಿಗೆ ಕಾಯುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಚಪ್ಪಾಳೆ — ದೊಡ್ಡ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಎಂಥ ನಟನೆ ರೀ, ನಾಟಕದವರೂ ಹೀಗೆ ಮಾಡಲ್ಲ, ಅಂತ, ಇನ್ಸ್‌ಪೆಕ್ಟರ ಮುಖ ಅರಳಿತು, ನನ್ನ ಕಡೆ ನೋಡಿ ಹುಬ್ಬಿನಲ್ಲೇ ಹೇಳಿದರು, ಸುಮ್ಮನಿರಿ, ಆಯ್ತು, ಗೆದ್ದೆವು. ಸುಮ್ಮನಿರಬಹುದಿತ್ತು, ಒಂದು ಮಾತು ನುಂಗಿದರೆ ಅಷ್ಟೂ ಶಾಲೆ ನನ್ನದು, ಆಡಿದರೆ, ಕಾನ್‌ಸ್ಟೇಬಲ್ಲನ್ನೇ ಮುಳುಗಿಸೋಕೆ ಹೊರಟವಳು ಮಕ್ಕಳಿಗೇನು ಕಲಿಸ್ತಾಳೆ ಅಂತ ಇಲ್ಲಿಗೇ ಬೀಗ, ಆದರೆ ಗೋಡೆಯುದ್ದಕ್ಕೆ ಆ ಮಕ್ಕಳು ನನ್ನನ್ನೇ ನೋಡುತ್ತಿದ್ದರು, ಅವರಿಗೆ ಗೊತ್ತು ಅದು ನಟನೆಯಲ್ಲ ಅಂತ, ನಾನು ಸುಮ್ಮನಾದರೆ ಇನ್ನು ಯಾವ ಬಾಯಲ್ಲಿ ಪಾಠ ಹೇಳಲಿ. ಸಾರ್, ನಟನೆ ಅಲ್ಲ ಸಾರ್, ಅವನು ನಿಜವಾಗಿ ಮುಳುಗ್ತಿದ್ದ. ಚಪ್ಪಾಳೆ ನಿಂತಿತು. ಯೂನಿಫಾರ್ಮಲ್ಲಿ ಇಳಿಸಿದ್ದು ತಪ್ಪಾಯ್ತು ಸಾರ್, ಬೂಟು ತುಂಬ್ಕೊಳ್ತು, ನಾನು ಹೂಂ ಅಂದಿದ್ದೆ. ಸಾಹೇಬರು ಡೊಳ್ಳುವನ್ನು ನೋಡಿದರು, ಟವೆಲಿನೊಳಗೆ ನಡುಗುತ್ತಿದ್ದ, ಬಕೆಟಿಗೆ ವಾಂತಿ ಮಾಡುತ್ತಿದ್ದ. ಮಕ್ಕಳಿಗೆ ಗೊತ್ತಾಯ್ತು, ನಿಮಗೆ ಗೊತ್ತಾಗ್ಲಿಲ್ವ, ಅಂದರು. ಇಲ್ಲ ಸಾರ್, ನಾನು ಅವನು ಕೂಗಲಿ ಅಂತ ಕಾಯ್ತಿದ್ದೆ. ಅವರು ತಮ್ಮ ಬೂಟಿನ ಕಡೆ ನೋಡಿಕೊಂಡರು, ಸಿಡಿದ ನೀರು ಅದರ ಮೇಲೆ ಹಾಗೇ ಇತ್ತು, ಆಮೇಲೆ, ನಾನೂ ಅದಕ್ಕೇ ಕಾಯ್ತಿದ್ದೆ, ಅಂದರು, ಇನ್ಸ್‌ಪೆಕ್ಟರ ಕಡೆ ತಿರುಗಿ, ನೀವೂ ಅಲ್ವೇನ್ರೀ, ಅಂದರು, ಇನ್ಸ್‌ಪೆಕ್ಟರು ಟೋಪಿ ಸರಿಮಾಡಿಕೊಂಡರು. ಎಲ್ಲ ಶಾಲೆಗೂ ಮಾಡಿ, ಆದರೆ ಅದಕ್ಕೆ ಮುಂಚೆ ಎಲ್ಲ ಠಾಣೆಗೂ ಮಾಡಿ, ಮೊದಲು ನಮಗೆ, ಈ ಮಕ್ಕಳನ್ನೇ ಕರ್ಕೊಂಡು ಬನ್ನಿ, ನನ್ನ ಆಫೀಸಿಂದಲೇ ಶುರು, ಅಂದರು ಸಾಹೇಬರು.

ಎಲ್ಲ ಠಾಣೆಗೂ, ಎಲ್ಲ ಶಾಲೆಗೂ, ಒಂದು ಕೇಳಿದರೆ ಎರಡು ಸಿಕ್ಕಿತು, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಮಕ್ಕಳು ಕುಣಿಯುತ್ತಿದ್ದಾರೆ, ಚೂಟಿ ಇನ್ಸ್‌ಪೆಕ್ಟರನ್ನೇ ಬೋರಲು ಮಲಗಿಸುವುದು ಹೇಗೆ ಅಂತ ಈಗಲೇ ಲೆಕ್ಕ ಹಾಕುತ್ತಿದ್ದಾಳೆ, ಬಿದಿರು ಬೇಕು, ಒಳ್ಳೆಯ ಉದ್ದದ ಬಿದಿರು, ಕ್ಯಾನಿಗೆ ಅತ್ತೆಯ ಅಟ್ಟ ಸಾಲದು, ಊರಿನ ಅಡುಗೆಮನೆಗಳಿಗೆಲ್ಲ ಹೇಳಿಕಳಿಸಬೇಕು, ಅತ್ತೆಯನ್ನೇ ಕಳಿಸಿದರೆ ಆಯಿತು, ಅವರ ಬಾಯಿಗೆ ಹೆದರಿ ಯಾರೂ ಇಲ್ಲ ಅನ್ನುವುದಿಲ್ಲ, ಬಸ್ಸು ಬೇಕು, ಬಾವಿ ಇರುವ ಶಾಲೆ ಮೊದಲು, ಕಾಲುವೆ ಪಕ್ಕದ್ದು ಆಮೇಲೆ, ಅಲ್ಲ, ಕಾಲುವೆ ಮೊದಲು, ಓಡುವ ನೀರು ಕಾಯುವುದಿಲ್ಲ, ಪೊಲೀಸರಿಗೆ ಮೊದಲ ಪಾಠ ಎಲ್ಲಿಂದ ಶುರು ಮಾಡಲಿ, ಬೂಟು ಬಿಚ್ಚಿ ಅಂತಲೇ, ಎಲ್ಲರೂ ನಗುತ್ತಾರೆ, ನಗಲಿ, ಆಮೇಲೆ ಹೇಳುತ್ತೇನೆ, ಕೂಗಿಗೆ ಕಾಯಬೇಡಿ ಅಂತ — ಅಕ್ಕಾ, ಅಂದ ಡೊಳ್ಳು, ಪಕ್ಕದಲ್ಲಿ ಬೆಂಚಿನ ಮೇಲೆ, ಆ ದೊಡ್ಡ ಗಂಟಲು ಗೀರಿದ ಹಾಗೆ, ಮಲಗು ಮಾರಾಯ, ಮಾತಾಡಬೇಡ, ಆಂಬುಲೆನ್ಸ್ ಬರ್ತಿದೆ, ಅಂದೆ, ಅವನು ನನ್ನ ತೋಳು ಹಿಡಿದುಕೊಂಡು, ಡೈಲಾಗ್ ಮರ್ತಿಲ್ಲಕ್ಕಾ ನಾನು, ಕೂಗ್ದೆ, ಜೋರಾಗೇ ಕೂಗ್ದೆ, ನಿಮ್ಮನ್ನೇ ನೋಡ್ಕೊಂಡು ಕೂಗ್ದೆ, ಕೇಳಿಸ್ಲಿಲ್ವಾ. ಕೇಳಿಸಿತು ಕಣೋ, ಅನ್ನಲು ಹೋದೆ, ಮೊದಲು ಬಿದಿರು ತರಿಸಬೇಕು, ಮೊದಲು ಕಾಲುವೆ ಪಕ್ಕದ ಶಾಲೆ, ಮೊದಲು — ನೀರಿನ ಮಟ್ಟದಲ್ಲಿ ಬಾಯಿ, ನನ್ನ ಕಡೆಗೇ ತಿರುಗಿದ ಬಾಯಿ, ಮೊದಲು ಸಾಹೇಬರ ಆಫೀಸಿಗೆ, ಬಾಯಿ, ತೆರೆಯಿತು, ಮುಚ್ಚಿತು, ತೆರೆಯಿತು