ಗುರಾಮನ ಮುಖ

ತಿಂಗಳ ಮೊದಲ ಭಾನುವಾರ ಚಿತ್ರಶಾಲೆಗೆ ಟಿಕೆಟ್ ಇಲ್ಲ. ಬೊಲೋನ್ಯಾದ ಜನರೆಲ್ಲ ಅವತ್ತೇ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾರೆ. ಸಂತನೊಬ್ಬನ ಕಿವಿಯ ಮುಂದೆ ನಿಂತು ಅರ್ಧ ಗಂಟೆ ಪೆನ್ಸಿಲ್ ಆಡಿಸೋಣವೆಂದರೆ ನಡುವೆ ನಲವತ್ತು ತಲೆ ಹಾಯುತ್ತವೆ. ಆದರೂ ಲಮಾರಾ ಹತ್ತು ತಿಂಗಳಿಂದ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಅವಳಿಗೆ ಬೇಕಾದದ್ದು ಸಂತನಲ್ಲ, ಅವನ ಕಿವಿ. ಅದು ಅವಳ ಗಂಡ ಗುರಾಮನ ಕಿವಿಯ ಹಾಗೇ ಇತ್ತು.

ಗುರಾಮ್ ಹಿಂದಿನ ನವೆಂಬರಿನಲ್ಲಿ ಕುತೈಸಿಯ ಮನೆಯಲ್ಲಿ ತೀರಿಕೊಂಡಿದ್ದ. ಜಾರ್ಜಿಯಾ ಬಿಟ್ಟು ಇಟಲಿಗೆ ಬಂದು ಒಂಬತ್ತು ವರ್ಷದಿಂದ ಮುದುಕಿಯರ ಆರೈಕೆ ಮಾಡುತ್ತಿದ್ದ ಲಮಾರಾಳ ಬಳಿ ಸರಿಯಾದ ಕಾಗದಪತ್ರವಿರಲಿಲ್ಲ. ಒಮ್ಮೆ ಗಡಿ ದಾಟಿದರೆ ಮತ್ತೆ ಒಳಗೆ ಬರುವಂತಿಲ್ಲ. ಹಾಗಾಗಿ ಗಂಡನ ಮಣ್ಣನ್ನು ಫೋನಿನಲ್ಲಿ ನೋಡಿದಳು. ಕರೆ ಸಿಗುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿಯಾಗಿತ್ತು. ಕಂಡದ್ದು ನೆಂಟರ ಬೆನ್ನು ಮತ್ತು ಕೊಡೆಗಳು.

ಸಮಾಧಿಯ ಕಲ್ಲಿನ ಮೇಲೆ ಬರೀ ಹೆಸರಿದ್ದರೆ ಅವರ ಕಡೆ ಒಪ್ಪುವುದಿಲ್ಲ, ಮುಖವೂ ಬೇಕು. ವರ್ಷ ತುಂಬಿದ ದಿನ ಕಲ್ಲು ನಿಲ್ಲಬೇಕು, ಬಂದವರು ಆ ಮುಖಕ್ಕೆ ವೈನು ಎರೆದು ಮಾತಾಡಿಸಬೇಕು. ಮಗಳು ಎತೆರಿ ಜನವರಿಯಲ್ಲೇ ಫೋನು ಮಾಡಿದ್ದಳು.

"ಅಮ್ಮ, ಕಲ್ಲು ಕೆತ್ತೋನು ಫೋಟೋ ಕೇಳ್ತಿದಾನೆ. ಅಪ್ಪಂದು ಸರಿಯಾಗಿರೋದು ಒಂದೂ ಇಲ್ಲ."

"ಫೋಟೋ ಯಾಕಮ್ಮ? ಇಪ್ಪತ್ತೈದು ವರ್ಷ ಸ್ಕೂಲಲ್ಲಿ ಡ್ರಾಯಿಂಗ್ ಕಲಿಸಿದೋಳು ನಾನಿಲ್ವಾ? ನಾನೇ ಬರೀತೀನಿ."

ಎತೆರಿ ಏನೋ ಹೇಳಲು ಹೋಗಿ, "ಬರಿ ಹಾಗಾದ್ರೆ" ಎಂದಷ್ಟೇ ಹೇಳಿದಳು.

ಕಣ್ಣಿಗೆ ಕಟ್ಟಿದ ಹಾಗಿದೆ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಹಾಳೆ ಹಿಡಿದು ಕೂತಾಗ ಲಮಾರಾಳಿಗೆ ಏನೂ ಕಟ್ಟಿರಲಿಲ್ಲ. ತಾನು ಓಡಿಸುತ್ತಿದ್ದ ಬಸ್ಸಿನ ಕಿಟಕಿಯಿಂದ ಕೈಬೀಸುವ ಅವನ ತೋಳು ನೆನಪಿತ್ತು, ಕೆಮ್ಮು ನೆನಪಿತ್ತು. ಮೂಗು ಎಲ್ಲಿ ಬಾಗುತ್ತಿತ್ತು ಎಂದರೆ ತಿಳಿಯದು. ಫೋನು ಮಾಡಿದಾಗಲೂ ಮಹಾರಾಯ ತನ್ನ ಮುಖ ತೋರಿಸಿದವನಲ್ಲ. "ನನ್ನ ಮೋರೆಲಿ ಏನಿದೆ, ಚಪ್ಪರ ನೋಡು, ದ್ರಾಕ್ಷಿ ನೋಡು" ಎಂದು ಅಂಗಳವನ್ನೇ ತೋರಿಸುತ್ತಿದ್ದ. ಇಪ್ಪತ್ತೆಂಟು ವರ್ಷ ಒಂದೇ ಮಂಚದಲ್ಲಿ ಮಲಗಿದವನ ಮುಖ ಮರೆತೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ನಾಚಿಕೆಯಿಂದ ಸತ್ತಂತಾಗಿ ಅವಳು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಆಗ ಒಂದು ಭಾನುವಾರ ಚಿತ್ರಶಾಲೆಯಲ್ಲಿ ಆ ಕಿವಿ ಸಿಕ್ಕಿತು. ಮಾರ್ಚಿನಲ್ಲಿ ಒಬ್ಬ ಕುರುಬನ ಹಣೆ. ಮೂಗಿಗೆ ಬೇಸಿಗೆಯವರೆಗೆ ಕಾಯಬೇಕಾಯಿತು. ಅದು ದೊಡ್ಡ ಚಿತ್ರವೊಂದರ ಮೂಲೆಯಲ್ಲಿ ಮಂಡಿಯೂರಿದ್ದ ಶ್ರೀಮಂತನ ಮುಖದಲ್ಲಿತ್ತು, ಮೊದಲ ಐದು ಸಲ ಅವಳು ಅತ್ತ ನೋಡಿಯೇ ಇರಲಿಲ್ಲ. ಒಂದೊಂದು ಸಿಕ್ಕಿದಾಗಲೂ "ಹೌದು, ಇದೇ" ಎಂದು ಎದೆ ಹಾರುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಹೇಳಲು ಯಾರೂ ಇರುತ್ತಿರಲಿಲ್ಲ. ಕಾವಲಿನ ಹೆಂಗಸು ಮಾತ್ರ ಬಂದು, ಕೈಯಲ್ಲಿರುವುದು ಪೆನ್ಸಿಲ್ಲೇ, ಪೆನ್ನಲ್ಲ ತಾನೆ ಎಂದು ನೋಡಿ ಹೋಗುತ್ತಿದ್ದಳು.

ಗುರುವಾರ ಮಧ್ಯಾಹ್ನ ಆರೈಕೆಯ ಹೆಂಗಸರಿಗೆಲ್ಲ ರಜೆ. ಪಾರ್ಕಿನಲ್ಲಿ ಸೇರಿ, ತಂದದ್ದನ್ನು ಹಂಚಿಕೊಂಡು, ತಮ್ಮ ತಮ್ಮ ಮುದುಕಿಯರನ್ನು ಆಡಿಕೊಂಡು ಹಗುರಾಗುತ್ತಾರೆ. ಅಕ್ಟೋಬರಿನಲ್ಲಿ ಒಮ್ಮೆ ಲಮಾರಾಳ ಊರಿನವಳೇ ಆದ, ಈ ಹುಡುಕಾಟ ಬಲ್ಲ ದೊದೊ ಅವಳ ಚಿತ್ರದ ಪುಸ್ತಕ ಕಸಿದುಕೊಂಡಳು.

"ಎಲ್ಲಾ ಸೇರಿತಾ? ಏನು ಬಾಕಿ?"

"ಬಾಯಿ ಸಿಗ್ತಿರ್ಲಿಲ್ಲ. ಹೋದ ಭಾನುವಾರ ಸಿಕ್ತು ಕಣೆ. ಸಂತನ್ನ ಕಂಬಕ್ಕೆ ಕಟ್ತಿರೋ ಕಟುಕಂದು."

"ಗಂಡಸ್ರ ಬಾಯಿ ಇನ್ನೆಲ್ಲಿ ಸಿಗತ್ತೆ!" ದೊದೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳ ಮೊಣಕಾಲು ತಟ್ಟಿ, "ಅಳಬೇಡ್ವೇ ಹುಚ್ಚಿ, ಚೆನ್ನಾಗಿ ಬಂದಿದೆ. ಮೀಸೆ ನೋಡು, ಕಂಡಕ್ಟರ್‌ಗೆ ಬೈಯೋಕೆ ರೆಡಿಯಾಗಿದೆ" ಎಂದಳು.

ಆ ಶನಿವಾರ ಲಮಾರಾ ಚಿತ್ರವನ್ನು ದೊಡ್ಡ ಹಾಳೆಗೆ ಇಳಿಸಿ ಫೋನಿನಲ್ಲಿ ಮಗಳಿಗೆ ಕಳಿಸಿದಳು. ತುಂಬು ಕೆನ್ನೆ, ದಪ್ಪ ಮೀಸೆ, ನಗು ತಡೆದುಕೊಂಡ ತುಟಿ. ಹತ್ತು ತಿಂಗಳಲ್ಲಿ ಮೊದಲ ಸಲ ಅವಳಿಗೆ ಗಂಡ ಎದುರಿಗಿದ್ದಾನೆ ಅನ್ನಿಸಿತು. ಎತೆರಿಯ ಫೋನು ಬರಲು ಒಂದು ಗಂಟೆ ಹಿಡಿಯಿತು.

"ಅಮ್ಮ, ಚಿತ್ರ ಚೆನ್ನಾಗಿದೆ. ಆದ್ರೆ ಇದು ಕಲ್ಲಿಗೆ ಆಗಲ್ಲ."

"ಯಾಕೆ, ನಿಮ್ಮಪ್ಪನ ಹಾಗಿಲ್ವಾ?"

"ನೀನು ಬಿಟ್ಟುಹೋದ ಅಪ್ಪನ ಹಾಗಿದೆ. ಇಲ್ಲಿ ಯಾರಿಗೂ ಗುರುತು ಸಿಗಲ್ಲಮ್ಮ. ನನ್ನ ಮಗ ನೋಡಿ 'ಇದ್ಯಾರು' ಅಂದ."

ಎತೆರಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. "ಎರಡು ವರ್ಷ ಮಲಗಿದ್ದ. ಹಲ್ಲೆಲ್ಲ ಹೋಗಿತ್ತು, ಮೀಸೆ ನಾನೇ ಬೋಳಿಸಿದ್ದೆ. ಕೊನೆಗೆ ಒಂದೇ ಕೈಲಿ ಎತ್ತಿ ಕೂರಿಸ್ತಿದ್ದೆ. 'ಅವಳಿಗೆ ಹೇಳಿದ್ರೆ ಎದ್ದು ಬಂದ್ಬಿಡ್ತಾಳೆ, ಬಂದ್ರೆ ಮತ್ತೆ ಹೋಗೋಕಾಗಲ್ಲ' ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ. ಮೊದಮೊದ್ಲು ನಾಚ್ಕೊಂಡು ಚಪ್ಪರ ತೋರಿಸ್ತಿದ್ದ, ಆಮೇಲೆ ಬೇಕಂತ್ಲೇ. ನಾನೇ ಫೋನು ಅಂಗಳಕ್ಕೆ ಹಿಡ್ಕೊಂಡು ನಿಲ್ತಿದ್ದೆ. ಪೆಟ್ಟಿಗೆ ಮುಚ್ಚಿದ್ಮೇಲೆ ಕರೆ ಮಾಡಿದ್ದೂ ಅದಕ್ಕೇ."

"ನಾನು ಹೆಂಡ್ತಿ ಅಲ್ವೇನೆ? ನಂಗೆ ಹೇಳ್ಬಾರದಿತ್ತಾ?"

"ಬಯ್ಯಿ ಅಮ್ಮ. ಎಷ್ಟು ಬೇಕಾದ್ರೂ ಬಯ್ಯಿ."

ಲಮಾರಾ ಬೈಯಲಿಲ್ಲ. "ಒಂದಾದ್ರೂ ಫೋಟೋ ಇದ್ಯಾ?" ಎಂದಳು.

ಇತ್ತು, ಒಂದೇ ಒಂದು. ದಿಂಬಿನಲ್ಲಿ ಅರ್ಧ ಮುಖ ಹುದುಗಿತ್ತು. ಇದರಿಂದ ಕೆತ್ತಲಾಗದು ಎಂದು ಕಲ್ಲಿನವನು ಅದನ್ನು ಹಿಂತಿರುಗಿಸಿದ್ದನಂತೆ. ಲಮಾರಾ ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಕ್ಕೆ ಒರಗಿಸಿ ಹೊಸ ಹಾಳೆ ಹರಡಿದಳು.

ಕೈ ತಾನಾಗಿ ಓಡಿತು. ಹಲ್ಲಿಲ್ಲದ ಬಾಯಿಯ ಪಕ್ಕ ಕೆನ್ನೆ ಎಷ್ಟು ಒಳಗೆ ಹೋಗುತ್ತದೆ, ಕಣ್ಣಿನ ಸುತ್ತ ಗುಳಿ ಎಲ್ಲಿ ಬೀಳುತ್ತದೆ, ಗದ್ದದ ಕೆಳಗೆ ಚರ್ಮ ಹೇಗೆ ಜೋಲುತ್ತದೆ, ಎಲ್ಲವೂ ಬೆರಳಿಗೆ ಗೊತ್ತಿತ್ತು. ಯಾವ ಸಂತನನ್ನೂ ಕಟುಕನನ್ನೂ ಕೇಳಬೇಕಾಗಲಿಲ್ಲ. ಕಾಣದ ಅರ್ಧವೂ ಕಂಡ ಅರ್ಧದಷ್ಟೇ ಸಲೀಸಾಗಿ ಬಂತು. ಕಿಟಕಿಯ ಬೆಳಕು ಮಸುಕಾಗುವ ಮೊದಲೇ ಮುಗಿಯಿತು. ಹಾಗೇ ಕಳಿಸಿಬಿಟ್ಟಳು.

ಈ ಸಲ ಎತೆರಿ ತಕ್ಷಣ ಫೋನು ಮಾಡಿದಳು. ಬಿಕ್ಕುತ್ತಿದ್ದಳು. "ಅಪ್ಪನೇ ಅಮ್ಮ. ಅಪ್ಪನೇ. ನೀನು ನೋಡೇ ಇಲ್ವಲ್ಲ, ಹೇಗೆ ಬಂತು ನಿಂಗೆ?"

ಒಳಕೋಣೆಯಿಂದ ಅವಳ ಆರೈಕೆಯಲ್ಲಿದ್ದ ತೊಂಬತ್ತೊಂದರ ಮುದುಕಿ, ಸಿನ್ಯೋರಾ ಎರ್ಸಿಲಿಯಾ ಕೂಗಿದಳು. "ಲಮಾರಾ! ಸೂಪು ಎಲ್ಲಿ? ಸತ್ತುಹೋದ್ಯಾ?"

"ಬಂದೆ ಸಿನ್ಯೋರಾ."

"ಆಮೇಲೆ ಹೇಳ್ತೀನಿ" ಎಂದಳು ಮಗಳಿಗೆ. ಫೋನಿಟ್ಟು, ಸೂಪನ್ನೂ ಬಿಸಿನೀರಿನ ಬಟ್ಟಲನ್ನೂ ಹಿಡಿದು ಒಳಗೆ ಹೋದಳು. ಮುದುಕಿಯನ್ನು ಎತ್ತಿ ಕೂರಿಸಿ, ಸೂಪು ಕುಡಿಸಿ, ಒಳಗೆ ಹೋದ ಕೆನ್ನೆಯನ್ನೂ ಹಲ್ಲಿಲ್ಲದ ಬಾಯಿಯ ಎರಡೂ ಅಂಚನ್ನೂ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದಳು. ಒಂಬತ್ತು ವರ್ಷದಲ್ಲಿ ಮೂವರು ಮುದುಕಿಯರಿಗೆ, ದಿನಕ್ಕೆ ಮೂರು ಸಲದಂತೆ, ಈ ಕೈ ಈ ಕೆಲಸ ಮಾಡಿತ್ತು. ಗುರಾಮನಿಗೆ ಒಂದು ಸಲವೂ ಮಾಡಿರಲಿಲ್ಲ.