ಗುಪ್ಪಿ ಎಣಿಸಿದ ಸಂಜೆ

ಕೆರೆ ಕೊಳ್ಳೆ ಹೋದ ಮೇಲೆ ಹಕ್ಕಿ ಎಣಿಸಿದರಂತೆ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ನಮ್ಮ ಚಿಕ್ಕಪ್ಪ ಹಕ್ಕಿ ಗಣತಿ ಮಾಡುವವರು. ನಮ್ಮೂರ ಕೆರೆಯಂಚಿನ ಜೌಗನ್ನು ಮುಚ್ಚಲು ಅದರ ಅರ್ಧಕ್ಕೆ ಲಾರಿಗಳು ಆಗಲೇ ಒಡೆದ ಕಟ್ಟಡಗಳ ಇಟ್ಟಿಗೆ ಚೂರು ಸುರಿದಿದ್ದವು. ಉಳಿದರ್ಧ ಉಳಿಯಬೇಕಾದರೆ, ಗುಪ್ಪಿ ಎಂಬ ಬಕ ಅಲ್ಲಿ ಇನ್ನೂ ಇದೆಯೆಂದು ಅವರು ಆ ಸಂಜೆಯೊಳಗೆ ಅಧಿಕಾರಿಗಳಿಗೆ ತೋರಿಸಬೇಕಿತ್ತು. ಜೊಂಡಿನಲ್ಲಿ ಅವಿತೇ ಬದುಕುವ ಹಕ್ಕಿ ಅದು. ದನಿ ಕೇಳಿಯೇ ಎಣಿಸಬೇಕು. ಎರಡು ಮಳೆಗಾಲದಿಂದ ದನಿಯೇ ಇರಲಿಲ್ಲ.

ಮಿಮಿಕ್ರಿಯ ಚಪಲದ ನಾನು ಸುಮ್ಮನಿರುತ್ತೇನೆಯೇ? ಚಿಕ್ಕಪ್ಪನನ್ನು ಬೇಸ್ತು ಬೀಳಿಸೋಣವೆಂದು ಜೊಂಡಿನೊಳಗೆ ಕೂತು "ಹೂಂಬ್" ಎಂದೆ.

ದೂರದಿಂದ "ಹೂಂಬ್" ಎಂದು ಉತ್ತರ ಬಂತು!

ನನಗೆ ತಲೆ ಕೆಟ್ಟಿತು. ಹಾಗಾದರೆ ಹಕ್ಕಿ ಇದೆಯೇ? ಇಷ್ಟು ದಿನ ಯಾಕೆ ಸುಮ್ಮನಿತ್ತು? ಮತ್ತೆ ಕೂಗಿದೆ. ಉತ್ತರ ಇನ್ನೂ ಹತ್ತಿರದಿಂದ ಬಂತು. ಮೊಣಕಾಲುದ್ದ ಕೆಸರಿನಲ್ಲಿ ಕಾಲೆಳೆದುಕೊಂಡು ಹೋಗಿ ಜೊಂಡು ಸರಿಸಿದರೆ, ಎದುರಿಗೆ ಬಾಯಿ ದುಂಡಗೆ ಮಾಡಿಕೊಂಡ ಚಿಕ್ಕಪ್ಪ!

"ನೀನೇನೋ ಇಲ್ಲಿ, ಕೋತಿ?"

"ನೀವ್ಯಾಕೆ ಕೂಗ್ತಿದ್ರಿ ಚಿಕ್ಕಪ್ಪ?"

"ನಾವು ಕೂಗಿದ್ರೇನೇ ಅದು ತಿರುಗಿ ಕೂಗೋದು. ಎಣಿಸೋದೇ ಹಾಗೆ ಕಣೋ."

"ಹಾಗಾದ್ರೆ ಗುಪ್ಪಿ?"

ಚಿಕ್ಕಪ್ಪ ನನ್ನ ಕೆಸರು ಮೈ ನೋಡಿದರು, ತಮ್ಮದನ್ನೂ ನೋಡಿಕೊಂಡರು. "ಇಲ್ಲೇ ಇವೆಯಲ್ಲೋ, ಎರಡು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆ ನಗುತ್ತಿದ್ದೇನೆಂದು ತಿಳಿಯದೆ ನಾನೂ ನಕ್ಕೆ. ಒಂದು ಹಕ್ಕಿಯೂ ಏಳದ ಆ ಜೊಂಡಿನಲ್ಲಿ ಅವರ ನಗುವೇ ಜೋರಾಗಿತ್ತು.